ಹಸಿರು ಬಣ್ಣದ ಕೆಳಗಿನ ಹೆಸರು

ಸೂರ್ಯ ಇನ್ನೂ ಹೊಲದ ಅಂಚಿನ ಓಕ್ ಮರಗಳಿಂದ ಮೇಲೆ ಬಂದಿಲ್ಲ. ನ್ಯೂ ಸ್ಟೆಟಿನ್ ಊರಿನ ಮುಚ್ಚಿಹೋದ ಚೀಸ್ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಮಾತ್ರ ಆಗಲೇ ದೀಪ ಉರಿಯುತ್ತಿದೆ. ಒಳಗೆ ಎರಡು ಡ್ರಮ್ಮುಗಳ ನಡುವೆ ಹಾಕಿದ ಹಲಗೆಯ ಮೇಲೆ ಎಪ್ಪತ್ತೇಳರ ಲವರ್ನ್ ಜ್ಯಾಸ್ಟ್ರೋ ನಿಂತಿದ್ದಾರೆ. ಎಡಗೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಬಲಗೈಯಲ್ಲಿ ಚಪ್ಪಟೆ ಕುಂಚ. ಎದುರಿಗಿರುವುದು ಐದು ಟನ್ನಿನ ಹಳೆಯ ಸೇನಾ ಟ್ರಕ್ಕಿನ ಪಕ್ಕೆ. ಅದರ ಬೆನ್ನ ಮೇಲೆ ಉಕ್ಕಿನ ತಗಡುಗಳಿಂದ ಕಟ್ಟಿದ ಆಳಿನ ಭುಜದೆತ್ತರದ ಪೆಟ್ಟಿಗೆ ಕೂತಿದೆ. ಕಡುಹಸಿರು ಉಕ್ಕಿನ ಮೇಲೆ ಅವರು ಒಂದೊಂದೇ ಅಕ್ಷರವನ್ನು ಮೂಡಿಸುತ್ತಿದ್ದಾರೆ. ಎಡಗಡೆಯಿಂದ ಓದಿದರೆ ‘ತಡವಾದ ಊಟ’ ಎಂದಾಗುತ್ತದೆ.

ಮೂಲೆಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಅವರ ಹೆಂಡತಿ ಡೊನೆಟ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದಾರೆ. ಗಂಡನನ್ನು ಕೆಣಕದೆ ಅವರಿಗೆ ಬೆಳಗಾಗುವುದಿಲ್ಲ.

"ನಾಳೆ ಅಳಿಸಿ ಹಾಕೋದಕ್ಕೆ ಇವತ್ತು ಎಷ್ಟು ನಾಜೂಕಾಗಿ ಬರೀತಿದ್ದಾನೆ ನೋಡಿ. ನಮ್ಮನೆ ಅಂಚೆ ಡಬ್ಬಿ ಮೇಲೆ ಹೆಸರು ಅರ್ಧ ಉದುರಿಹೋಗಿ ಎಷ್ಟು ಚಳಿಗಾಲ ಆಯ್ತೋ."

"ಅಂಚೆಯವನಿಗೆ ನಮ್ಮನೆ ಗೊತ್ತು ಕಣೇ," ಎನ್ನುತ್ತಾರೆ ಲವರ್ನ್, ಕುಂಚದಿಂದ ಕಣ್ಣು ತೆಗೆಯದೆ.

ಡೊನೆಟ್ ಹೇಳಿದ್ದು ತಮಾಷೆಯ ಮಾತಲ್ಲ. ಈಗ ಬರೆಯುತ್ತಿರುವ ಹೆಸರಿನ ಮೇಲೆ ನಾಳೆ ಬೆಳಿಗ್ಗೆ ಹಸಿರು ಬಣ್ಣ ಬೀಳುತ್ತದೆ. ನಾಳೆ ಸಂಜೆ ಆ ಹಸಿರಿನ ಮೇಲೆ ‘ಮತ್ತೆ ಬಂದೆ’ ಎಂಬ ಬೇರೆ ಹೆಸರು ಬರುತ್ತದೆ. ಶನಿವಾರ ಕೌಂಟಿಯ ಮೈದಾನದಲ್ಲಿ ಹಳೆಯ ಸೈನಿಕರು ಸೇರಿದಾಗ ಎಲ್ಲರ ಕಣ್ಣಿಗೆ ಬೀಳುವುದು ಆ ಎರಡನೆಯ ಹೆಸರು. ಮೊದಲನೆಯದು ಒಬ್ಬ ಹೆಂಗಸಿಗಾಗಿ ಒಂದು ಹಗಲು ಮಾತ್ರ ಇರುತ್ತದೆ. ಆಕೆ ಇವತ್ತು ಹತ್ತು ಗಂಟೆಗೆ ಬರುತ್ತೇನೆಂದು ಫೋನು ಮಾಡಿದ್ದಾರೆ. ಅಷ್ಟರೊಳಗೆ ಬಣ್ಣ ಒಣಗಬೇಕು, ಅಕ್ಷರ ಸೊಟ್ಟಗಾಗಬಾರದು ಎಂಬುದೊಂದೇ ಈ ಹೊತ್ತಿನಲ್ಲಿ ಲವರ್ನ್ ಅವರ ತಲೆಯಲ್ಲಿರುವ ಯೋಚನೆ.

ಲವರ್ನ್ ಹುಟ್ಟಿದ್ದು ಇಲ್ಲಿಗೆ ಹತ್ತಿರದ ಹೈನಿನ ಮನೆಯೊಂದರಲ್ಲಿ. ಹುಲ್ಲು ಕೊಯ್ಯುವ ಯಂತ್ರ ಮುರಿದಾಗಲೆಲ್ಲ ಅಪ್ಪ ರಿಪೇರಿಗೆ ಪೇಟೆಗೆ ಹೋಗಲಾರದೆ ಮಗನ ಕೈಗೆ ವೆಲ್ಡಿಂಗ್ ಕೋಲು ಕೊಟ್ಟರು. ಇಪ್ಪತ್ತಕ್ಕೆ ಸೇನೆಯ ಕರೆ ಬಂತು. ಬಂದೂಕು ಹಿಡಿಯಲು ಹೋದವರನ್ನು ಕೈಯಲ್ಲಿನ ಕಸುಬು ನೋಡಿ ವಿಯೆಟ್ನಾಮಿನ ಕ್ವಿ ನ್ಯೋನ್ ಬಂದರಿನ ಹತ್ತಿರದ ಟ್ರಕ್ ದುರಸ್ತಿ ಅಂಗಳಕ್ಕೆ ಹಾಕಿದರು. ಅಲ್ಲಿಂದ ದಿನವೂ ನೂರಾರು ಟ್ರಕ್ಕುಗಳು ಮದ್ದುಗುಂಡು, ಡೀಸೆಲ್, ಹಿಟ್ಟು, ಟಪಾಲು ಹೊತ್ತು ಘಟ್ಟ ಹತ್ತಿ ಮೇಲ್ನಾಡಿನ ಪ್ಲೇಕು ನೆಲೆಗೆ ಹೋಗಬೇಕಿತ್ತು. ಘಟ್ಟದ ತಿರುವುಗಳಲ್ಲಿ ಶತ್ರುಗಳು ಕಾದು ಕೂತಿರುತ್ತಿದ್ದರು.

"ಕಾವಲಿಗೆ ಟ್ಯಾಂಕ್ ಕೊಡಿ ಅಂದ್ರೆ ಇಲ್ಲ ಅಂದ್ರು. ಚಾಲಕರು ನಮ್ಮ ಹತ್ರ ಬಂದ್ರು. ಒಂದು ಟ್ರಕ್ಕಿನ ಸಾಮಾನೆಲ್ಲ ಇಳಿಸಿ ಇದಕ್ಕೆ ಕಬ್ಬಿಣದ ಗೋಡೆ ಕಟ್ಟಿಕೊಡು, ಒಳಗೆ ಮೂರು ಮೆಷಿನ್ ಗನ್ ಇಟ್ಕೊಂಡು ನಾವೇ ಕಾವಲು ಹೋಗ್ತೀವಿ ಅಂದ್ರು. ಮೇಲಿನವರು ಅಪ್ಪಣೆ ಕೊಟ್ಟಿರಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ಕಟ್ಟಿದ್ವಿ," ಎನ್ನುತ್ತಾರೆ ಲವರ್ನ್.

ಗೋಡೆಯನ್ನು ಎರಡು ಪದರವಾಗಿ ಕಟ್ಟುತ್ತಿದ್ದರು. ಹೊರಗಿನ ತಗಡಿಗೂ ಒಳಗಿನ ತಗಡಿಗೂ ನಡುವೆ ಒಂದಿಷ್ಟು ಜಾಗ ಬಿಟ್ಟರೆ ಹೊರಗಿನದನ್ನು ತೂರಿದ ಗುಂಡು ಒಳಗಿನದರಲ್ಲಿ ಸೋತು ನಿಲ್ಲುತ್ತಿತ್ತು. ತಗಡು ಸಾಲದಾದಾಗ ಹಾಳಾದ ವಾಹನಗಳಿಂದ ಕೊಯ್ದು ತರುತ್ತಿದ್ದರು. ಎಲ್ಲಿಂದ ಬಂತು ಎಂದು ಕೇಳುವ ಪದ್ಧತಿ ಇರಲಿಲ್ಲವಂತೆ. ಒಬ್ಬ ಚಾಲಕ, ಮೂವರು ಗನ್ನಿನವರು. ಯಾರನ್ನೂ ಬಲವಂತವಾಗಿ ಅದಕ್ಕೆ ಹಾಕುತ್ತಿರಲಿಲ್ಲ. ತಾವಾಗಿ ಬಂದವರನ್ನು ಟ್ರಕ್ಕಿನ ತಂಡವೇ ನೋಡಿ ಆರಿಸಿಕೊಳ್ಳುತ್ತಿತ್ತು. ಸಾಮಾನಿನ ಸಾಲಿಗೆ ಗುಂಡು ಬಿದ್ದರೆ ಉಳಿದ ಟ್ರಕ್ಕುಗಳು ನಿಲ್ಲದೆ ಓಡಬೇಕು, ಕಾವಲು ಟ್ರಕ್ಕು ಮಾತ್ರ ಗುಂಡು ಬೀಳುವ ಜಾಗಕ್ಕೇ ನುಗ್ಗಬೇಕು. ಅದನ್ನು ಒಪ್ಪಿ ಹತ್ತಿದವರ ವಯಸ್ಸು ಹತ್ತೊಂಬತ್ತು, ಇಪ್ಪತ್ತು.

ಕಾವಲು ಟ್ರಕ್ಕುಗಳಿಗೆ ಹೆಸರಿಡುತ್ತಿದ್ದರು. ಹೆಸರಿನೊಂದಿಗೆ ಒಂದು ಕಟ್ಟಳೆಯೂ ಬರುತ್ತಿತ್ತು. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

"ಹೆಸರು ಬರೆಯೋ ತನಕ ಅದು ಬರೀ ಕಬ್ಬಿಣ. ನಾನು ಅದರೊಳಗೆ ಮಲಗ್ತಿದ್ದೆ, ಊಟ ಮಾಡ್ತಿದ್ದೆ. ಹೆಸರು ಬಿದ್ದ ಮೇಲೆ ಅದು ತಂಡದವರದ್ದು. ಕರ್ನಲ್ ಬಂದರೂ ಕೆಳಗೆ ನಿಂತು ಹತ್ತಬಹುದಾ ಅಂತ ಕೇಳಬೇಕು. ಬೆಸುಗೆ ಬಿಟ್ಟಿದೆ, ರಿಪೇರಿ ಮಾಡು ಅಂತ ಅವರೇ ಕರೆದರೂ ನಾನು ಕೇಳಿಯೇ ಹತ್ತುತ್ತಿದ್ದೆ."

ಲವರ್ನ್ ಒಂದು ಸಲವೂ ಕಾವಲು ಹೋದವರಲ್ಲ. ಬೆಳಿಗ್ಗೆ ಸಾಲು ಹೊರಡುವಾಗ ಗೇಟಿನ ಬಳಿ ನಿಂತು ನೋಡುತ್ತಿದ್ದರು, ಸಂಜೆ ಬಂದಾಗ ತೂತುಗಳನ್ನು ಮುಚ್ಚುತ್ತಿದ್ದರು. ಊರಿಗೆ ಮರಳಿ ಬಂದು ಮೂರು ದಶಕಕ್ಕೂ ಹೆಚ್ಚು ಕಾಲ ವೆಲ್ಡಿಂಗ್ ಅಂಗಡಿಯಲ್ಲಿ ಹಾಲಿನ ಕೊಳವೆ, ಮೇವಿನ ಗೋಪುರ, ಟ್ರಾಕ್ಟರಿನ ಕೊಕ್ಕೆ ಎಂದು ಸವೆಸಿದರು. ಹಳೆಯ ಸೈನಿಕರ ಕೂಟಕ್ಕೆ ಒಮ್ಮೆ ಹೋಗಿದ್ದುಂಟು. ಯಾವ ಟ್ರಕ್ಕಿನಲ್ಲಿದ್ದೆ ಎಂದು ಪಕ್ಕದವರು ಕೇಳಿದರು. ಯಾವುದರಲ್ಲೂ ಇಲ್ಲ, ಅಂಗಳದಲ್ಲಿದ್ದೆ ಎಂದರು. ಅವರು ಪಾಪ, ಮರ್ಯಾದೆಯಿಂದಲೇ ಇವರ ಲೋಟಕ್ಕೆ ಕಾಫಿ ತುಂಬಿಸಿ ಆ ಕಡೆಯವರತ್ತ ತಿರುಗಿ ಮಾತು ಮುಂದುವರಿಸಿದರು. ಲವರ್ನ್ ಮತ್ತೆ ಹೋಗಲಿಲ್ಲ. ಬೇಸರವಾಯಿತೇ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಅವರು ಹೇಳೋದು ಅವರವರಿಗೆ ಗೊತ್ತಿರೋ ಕತೆ. ನಡುವೆ ನಾನು ಕೂತು ಏನು ಮಾಡಲಿ?"

ಈ ಶೆಡ್ಡಿಗೆ ಅವರನ್ನು ಎಳೆದು ತಂದವನು ಟ್ರೆಂಟ್ ವೋಲ್ಬರ್ಗ್. ನಲವತ್ತು ದಾಟಿದ ಟ್ರೆಂಟ್ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಯುದ್ಧ ಮುಗಿದ ಮೇಲೆ ಹುಟ್ಟಿದವನು. ಹಾಗಿದ್ದರೂ ಕಾವಲು ಟ್ರಕ್ಕುಗಳೆಂದರೆ ಅವನಿಗೆ ಒಂದು ಬಗೆಯ ಹುಚ್ಚು. ಸೇನೆ ಹರಾಜು ಹಾಕಿದ ಹಳೆಯ ಟ್ರಕ್ಕೊಂದನ್ನು ಕೊಂಡು, ನಾಲ್ಕೈದು ಗೆಳೆಯರನ್ನು ಕೂಡಿಸಿಕೊಂಡು ವಿಯೆಟ್ನಾಮಿನಲ್ಲಿ ಓಡಿದ್ದ ‘ಮತ್ತೆ ಬಂದೆ’ ಎಂಬ ಟ್ರಕ್ಕನ್ನು ಇದ್ದ ಹಾಗೆಯೇ ಮತ್ತೆ ಕಟ್ಟುತ್ತೇನೆಂದು ಹೊರಟ. ಆ ಟ್ರಕ್ಕಿನ ತಂಡದಲ್ಲಿ ಬದುಕಿ ಉಳಿದಿರುವ ಕೊನೆಯ ಗನ್ನಿನವರು ದಕ್ಷಿಣದ ಆರ್ಕನ್ಸಾ ರಾಜ್ಯದ ಹೋಸಿಯಾ ಪ್ರುಯಿಟ್. ಅವರು ತಮ್ಮಲ್ಲಿದ್ದ ಫೋಟೋಗಳನ್ನು ಕಳಿಸಿಕೊಟ್ಟಿದ್ದರು. ಫೋಟೋದಲ್ಲಿ ಇಲ್ಲದ್ದು ಟ್ರಕ್ಕಿನ ಮೇಲೆ ಇರಬಾರದು ಎಂಬುದು ಟ್ರೆಂಟನ ಗುಂಪಿನ ನಿಯಮ. ಒಂದು ಬೋಲ್ಟಿನ ತಲೆ ಆರು ಮೂಲೆಯದೋ ಎಂಟು ಮೂಲೆಯದೋ ಎಂದು ಇವರು ಒಂದು ಇಡೀ ಭಾನುವಾರ ಜಗಳವಾಡಿದ್ದನ್ನು ಡೊನೆಟ್ ಇವತ್ತಿಗೂ ಊರೆಲ್ಲ ಹೇಳಿಕೊಂಡು ನಗುತ್ತಾರೆ.

ಬೆಸುಗೆಗೆ ಜನ ಬೇಕೆಂದು ಟ್ರೆಂಟ್ ಲವರ್ನ್ ಮನೆ ಬಾಗಿಲು ತಟ್ಟಿ ಫೋಟೋ ತೋರಿಸಿದ. ಲವರ್ನ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಈ ಪೆಟ್ಟಿಗೇನ ನಾನು ಎರಡು ಸಲ ಕೂರಿಸಿದ್ದೀನಿ," ಎಂದರು. ಎರಡು ಸಲ ಯಾಕೆ ಎಂದು ಟ್ರೆಂಟ್ ಕೇಳಿದಾಗ, "ಆಮೇಲೆ ಹೇಳ್ತೀನಿ," ಎಂದವರು ಎರಡು ವರ್ಷ ಹೇಳಲಿಲ್ಲ. ಕೆಲಸಕ್ಕೆ ಮಾತ್ರ ಮರುದಿನವೇ ಬಂದರು. ಅಂದಿನಿಂದ ವಾರದಲ್ಲಿ ಐದು ದಿನ ಬೆಳಕು ಹರಿಯುವ ಮೊದಲೇ ಶೆಡ್ಡು ತೆರೆಯುವುದು, ಮಧ್ಯಾಹ್ನ ಡೊನೆಟ್ ಕಟ್ಟಿಕೊಟ್ಟ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುವುದು, ಸೊಂಟ ಹಿಡಿದುಕೊಂಡು ಮನೆಗೆ ಹೋಗುವುದು ನಡೆದುಬಂದಿದೆ. ಕೂಲಿ ಬೇಡವೆಂದಿದ್ದಾರೆ.

ಹೇಳದೆ ಉಳಿಸಿಕೊಂಡ ಮಾತು ಹೊರಬಿದ್ದದ್ದು ಕಳೆದ ಚಳಿಗಾಲದಲ್ಲಿ. ಒಂದು ಹಿಮದ ಮಧ್ಯಾಹ್ನ ಆರ್ಡಿಸ್ ಟೊಲೆಫ್ಸನ್ ಎಂಬ ಎಪ್ಪತ್ತರ ಹೆಂಗಸು ಎರಡು ಗಂಟೆ ಕಾರು ಓಡಿಸಿಕೊಂಡು ಶೆಡ್ಡಿಗೆ ಬಂದರು. ಪತ್ರಿಕೆಯಲ್ಲಿ ಟ್ರಕ್ಕಿನ ಸುದ್ದಿ ಓದಿದ್ದರು. ನನ್ನ ಅಣ್ಣ ಕರ್ಟಿಸ್ ಇಂಥದ್ದೇ ಟ್ರಕ್ಕಿನಲ್ಲಿ ಸತ್ತ, ಅದರ ಹೆಸರು ‘ತಡವಾದ ಊಟ’, ಇದು ಅದೇನಾ ಎಂದು ಕೇಳಿದರು. ಟ್ರೆಂಟ್ ನಯವಾಗಿಯೇ ಅಲ್ಲ ಎಂದ. ಆ ಹೆಸರಿನ ಟ್ರಕ್ಕನ್ನು ನಾವು ಯಾವ ಫೋಟೋದಲ್ಲಿಯೂ ನೋಡಿಲ್ಲ ಎಂದೂ ಸೇರಿಸಿದ. ಎಲ್ಲರೂ ಹೀಗೇ ಹೇಳುತ್ತಾರೆ ಎಂದು ಆಕೆ ಕೈಚೀಲ ಮುಚ್ಚಿಕೊಂಡು ಹೊರಟುಹೋದರು.

ಲವರ್ನ್ ಆಗ ಟ್ರಕ್ಕಿನ ಅಡಿಯಲ್ಲಿ ಬೆನ್ನ ಮೇಲೆ ಮಲಗಿದ್ದರು. ಒಂದೊಂದು ಮಾತೂ ಕೇಳಿಸಿತ್ತು. ತೆವಳಿಕೊಂಡು ಹೊರಬರುವಷ್ಟರಲ್ಲಿ ಕಾರು ರಸ್ತೆ ಸೇರಿತ್ತು.

"ಆ ಹೆಸರನ್ನ ಇನ್ನೊಬ್ಬರ ಬಾಯಲ್ಲಿ ಕೇಳಿ ಐವತ್ತು ವರ್ಷದ ಮೇಲಾಗಿತ್ತು. ಆವತ್ತು ಟ್ರೆಂಟನ್ನ ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟೆ."

ಹೇಳಿದ್ದು ಇಷ್ಟು. ‘ತಡವಾದ ಊಟ’ ಅವರು ಕಟ್ಟಿದ ಮೊದಲ ಟ್ರಕ್ಕುಗಳಲ್ಲಿ ಒಂದು. ಕಾವಲು ಮುಗಿಸಿ ಬರುವಾಗ ಯಾವತ್ತೂ ಅಡುಗೆಮನೆ ಮುಚ್ಚಿರುತ್ತಿದ್ದುದರಿಂದ ಹುಡುಗರು ಆ ಹೆಸರಿಟ್ಟಿದ್ದರು. ಘಟ್ಟದ ತಿರುವಿನಲ್ಲಿ ಒಂದು ದಿನ ರಾಕೆಟ್ಟು ಮುಂಭಾಗಕ್ಕೆ ಬಡಿಯಿತು. ಚಾಲಕ ಡೇಲ್ ಹೊರ್ವಾತ್ ಅಲ್ಲಿಯೇ ಸತ್ತ, ಮುಂದಿನ ಗನ್ನಿನ ಕರ್ಟಿಸ್ ಆಸ್ಪತ್ರೆಗೆ ಒಯ್ಯುವಾಗ ಸತ್ತ. ಉಳಿದಿಬ್ಬರು ಗಾಯಗೊಂಡು ಊರಿಗೆ ಹೋದರು. ಟ್ರಕ್ಕು ಗುಜರಿಯಾಗಿತ್ತು. ಬೆನ್ನ ಮೇಲಿನ ಪೆಟ್ಟಿಗೆ ಮಾತ್ರ ಹೆಚ್ಚು ಕೆಟ್ಟಿರಲಿಲ್ಲ. ತಗಡಿಗೆ ಬರವಿದ್ದ ಕಾಲ. ಲವರ್ನ್ ಅದನ್ನು ತೊಳೆದು, ಎತ್ತಿ, ಇನ್ನೊಂದು ಟ್ರಕ್ಕಿನ ಮೇಲೆ ಕೂರಿಸಿದರು. ಹೊಸ ತಂಡ ಬಂತು. ಸತ್ತವರ ಹೆಸರು ಹೊತ್ತು ಹೋಗುವುದಿಲ್ಲ ಎಂದು ಹಸಿರು ಬಳಿದು ‘ಮತ್ತೆ ಬಂದೆ’ ಎಂದು ಬರೆದುಕೊಂಡಿತು. ಹುಡುಗರನ್ನು ಕಳೆದುಕೊಂಡ ಟ್ರಕ್ಕಿನ ಹೆಸರನ್ನು ಅಲ್ಲಿಂದಾಚೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದೂ ಅವರ ಕಟ್ಟಳೆಗಳಲ್ಲಿ ಒಂದು. ಹೇಳದೆ ಹೇಳದೆ ಆ ಹೆಸರು ಇಲ್ಲವೇ ಆಗಿಹೋಯಿತು.

ಟ್ರೆಂಟ್ ಎರಡು ದಿನ ಟ್ಯಾಂಕರ್ ಓಡಿಸುತ್ತ ಯೋಚಿಸಿದ. ಮೂರನೆಯ ದಿನ ಅವನೇ ಬಂದು ದಾರಿ ಹೇಳಿದ. "ಹಸಿರಿನ ಕೆಳಗೆ ಏನಿದೆ ಅಂತ ಫೋಟೋ ಹೇಳಲ್ಲ. ಆ ಟ್ರಕ್ಕಿನ ಮೇಲೆ ಹಸಿರಿನ ಕೆಳಗೆ ಆ ಹೆಸರು ಇತ್ತು ಅಂದ್ಮೇಲೆ ನಮ್ಮದರ ಮೇಲೂ ಇರಬೇಕು. ಇಲ್ಲದಿದ್ರೆ ನಮ್ಮದೇ ತಪ್ಪು. ಬರೀರಿ, ಆಯಮ್ಮನ್ನ ಕರೆಸಿ ತೋರಿಸಿ, ಆಮೇಲೆ ಬಳಿಯೋಣ." ಲವರ್ನ್ ನಂಬರು ಹುಡುಕಿ ಆರ್ಡಿಸ್‌ಗೆ ಫೋನು ಮಾಡಿದರು.

ಎಂಟೂವರೆ ಹೊತ್ತಿಗೆ ಬಿಸಿಲು ಶೆಡ್ಡಿನೊಳಗೆ ಬಂದಿದೆ. ಅಕ್ಷರಗಳು ಒಣಗುತ್ತಿವೆ. ಲವರ್ನ್ ಕುಂಚ ತೊಳೆಯುತ್ತಿರುವಾಗ ಹೊರಗೆ ಆರ್ಕನ್ಸಾದ ನಂಬರಿನ ಪಿಕಪ್ ಬಂದು ನಿಲ್ಲುತ್ತದೆ. ಇಳಿದವರು ಎತ್ತರದ, ನೆಟ್ಟಗಿನ ಕಪ್ಪು ಮನುಷ್ಯ. ತಲೆಯ ಮೇಲೆ ಹಳೆಯ ಸೈನಿಕರ ಟೋಪಿ. ನಾಳೆ ಸಂಜೆ ಬರಬೇಕಾಗಿದ್ದ ಹೋಸಿಯಾ ಪ್ರುಯಿಟ್, ನಾಳೆ ದಾರಿಯುದ್ದಕ್ಕೂ ಮಳೆಯಂತೆ ಎಂದು ತಿಳಿದು ಒಂದು ದಿನ ಮೊದಲೇ ಬಂದುಬಿಟ್ಟಿದ್ದಾರೆ. ಅವರಿಗೆ ಈ ಏರ್ಪಾಡನ್ನು ಯಾರೂ ಹೇಳಿಲ್ಲ. ಹೇಳಬೇಕೆಂದು ಲವರ್ನ್ ಎರಡು ಸಲ ಫೋನು ಎತ್ತಿ ಎರಡು ಸಲವೂ ಇಟ್ಟಿದ್ದರು.

ಹೋಸಿಯಾ ನಗುತ್ತಲೇ ಒಳಗೆ ಬಂದು ಟ್ರಕ್ಕಿನ ಹಿಂಬಾಗಿಲಿಗೆ ಕೈ ಇಟ್ಟವರು, ಪಕ್ಕೆಗೆ ಬಂದು ಹೆಸರು ಓದುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ.

"ಇದನ್ನ ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳ್ಲಿಲ್ಲ. ಪೆಟ್ಟಿಗೆ ತೊಳೆದಿದ್ದು ನಾನೇ."

"ಹಸಿರು ಬಳಿದಿದ್ದು ನಾನು," ಎನ್ನುತ್ತಾರೆ ಹೋಸಿಯಾ. "ಇಪ್ಪತ್ತು ವರ್ಷದ ಹುಡುಗ. ಈ ಹೆಸರು ನಮ್ಮನ್ನೂ ಎಳ್ಕೊಂಡು ಹೋಗುತ್ತೆ ಅಂತ ಭಯ. ಒಂದು ಸಲ ಬಳಿದ್ರೆ ಕಾಣುತ್ತೆ ಅಂತ ಮೂರು ಸಲ ಬಳಿದೆ. ನನ್ನ ತಂಡದವರು ಮೂವರೂ ಮಣ್ಣು ಸೇರಿದ್ದಾರೆ. ಒಬ್ಬನೂ ಸಾಯೋ ತನಕ ಈ ಹೆಸರು ಎತ್ತಲಿಲ್ಲ. ಅಳಿಸಿಬಿಡು ಲವರ್ನ್. ಈಗಲೇ."

ಕಾವಲು ಟ್ರಕ್ಕಿನ ಮನುಷ್ಯನೊಬ್ಬ ಹೇಳಿದ್ದನ್ನು ಲವರ್ನ್ ತಮ್ಮ ಜೀವಮಾನದಲ್ಲಿ ಆಗುವುದಿಲ್ಲ ಎಂದವರಲ್ಲ. ಅಲ್ಲಿ ಸಾಯಲು ಹೋಗುವವರು ಅವರು, ಇಲ್ಲಿ ಉಳಿಯುವವನು ನಾನು ಎಂಬ ಸಂಕೋಚ ಅವರಲ್ಲಿ ಇವತ್ತಿಗೂ ಹೋಗಿಲ್ಲ. ಒದ್ದೆ ಕುಂಚವನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇರುತ್ತಾರೆ. ಡೊನೆಟ್ ಕುರ್ಚಿಯಿಂದ ಎದ್ದು ನಿಂತಿದ್ದಾರೆ.

"ಆಗಲ್ಲ," ಎನ್ನುತ್ತಾರೆ ಲವರ್ನ್ ಕೊನೆಗೆ. "ಕರ್ಟಿಸ್ ತಂಗಿ ದಾರಿಯಲ್ಲಿದ್ದಾಳೆ. ಆ ಹೆಸರಿನ ಟ್ರಕ್ಕೇ ಇರಲಿಲ್ಲ ಅಂತ ಅವಳಿಗೆ ಎಲ್ಲರೂ ಹೇಳಿದ್ದಾರೆ. ನೀನೂ ನಾನೂ ಬಾಯಿ ಮುಚ್ಕೊಂಡು ಇದ್ದಿದ್ದಕ್ಕೇ ಅವರು ಹಾಗೆ ಹೇಳಿದ್ದು. ನಾಳೆ ನಿನ್ನ ಹೆಸರು ಬರುತ್ತೆ, ನಾಳೆಯಿಂದ ಇದು ನಿನ್ನ ಟ್ರಕ್ಕು. ಇವತ್ತು ಇದರ ಮೇಲೆ ಇರೋದು ಅವರ ಹೆಸರು. ಇವತ್ತು ಇದು ನಿನ್ನದಲ್ಲ, ಹೋಸಿಯಾ."

ಹೋಸಿಯಾ ಹೊರಗೆ ಹೋಗಿ ಪಿಕಪ್ಪಿನ ಬಾಗಿಲು ತೆಗೆದು ಸೀಟಿನ ಅಂಚಿನಲ್ಲಿ ಕೂರುತ್ತಾರೆ. ಹೊರಟೇಹೋಗುತ್ತಾರೇನೋ ಎಂದು ಲವರ್ನ್ ಬಾಗಿಲಲ್ಲಿ ನಿಂತು ನೋಡುತ್ತಾರೆ. ಡೊನೆಟ್ ಕಾಫಿಯನ್ನೂ ರೂಬಾರ್ಬ್ ದಂಟಿನ ಸಿಹಿ ಪೈಯ ಒಂದು ತುಂಡನ್ನೂ ಒಯ್ದು ಕೊಟ್ಟು ಬರುತ್ತಾರೆ. ಅವರು ಕಾಫಿ ಕುಡಿಯುತ್ತಾರೆ, ಪೈ ಮುಟ್ಟುವುದಿಲ್ಲ.

ಹತ್ತಕ್ಕೆ ಸರಿಯಾಗಿ ಆರ್ಡಿಸ್ ಬರುತ್ತಾರೆ. ಚರ್ಚಿಗೆ ಹೋಗುವ ಉಡುಪು ತೊಟ್ಟಿದ್ದಾರೆ. ಬಹಳ ಕುಳ್ಳಗಿನ ಹೆಂಗಸು, ಟ್ರಕ್ಕಿನ ಗಾಲಿಯ ಎತ್ತರಕ್ಕಿಂತ ಒಂದಿಷ್ಟೇ ಮೇಲೆ. ಪಕ್ಕೆಯ ಎದುರು ನಿಂತು ಹೆಸರನ್ನು ನಿಧಾನವಾಗಿ, ಗಟ್ಟಿಯಾಗಿ ಓದುತ್ತಾರೆ. ಅಳುವುದಿಲ್ಲ. ಲವರ್ನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಾರೆ.

"ಅಕ್ಷರ ಹೀಗೇ ಇದ್ವಾ?" ಎಂದು ಆರ್ಡಿಸ್ ಕೇಳುತ್ತಾರೆ.

"ನೆನಪಿದ್ದಷ್ಟು ಹೀಗೇ. ಕೊನೇ ಅಕ್ಷರ ಸ್ವಲ್ಪ ಕೆಳಗೆ ಇಳಿದಿತ್ತು. ಬರೆದ ಹುಡುಗ ನಿಂತಿದ್ದ ಏಣಿ ಗಟ್ಟಿ ಇರಲಿಲ್ಲ."

"ಈ ಹೆಸರನ್ನ ಅವನು ಒಂದೇ ಸಲ ಹೇಳಿದ್ದು, ರಜೆಗೆ ಬಂದಾಗ. ಅಮ್ಮ ನಕ್ಕಿದ್ದಳು. ಆಮೇಲೆ ಅಮ್ಮನಿಗೂ ಮರೆತುಹೋಯ್ತು. ಇಷ್ಟು ವರ್ಷ ಇದನ್ನ ನಾನೊಬ್ಬಳೇ ಹೇಳ್ಕೊಂಡಿದ್ದೆ. ನಾನೇ ಕಟ್ಟಿದ ಕತೆ ಏನೋ ಅನ್ನಿಸೋಕೆ ಶುರುವಾಗಿತ್ತು."

ಹಿಂದಿನಿಂದ ಹೆಜ್ಜೆ ಸಪ್ಪಳ. ಹೋಸಿಯಾ ಬಂದು ನಿಂತಿದ್ದಾರೆ. ತಮ್ಮ ಹೆಸರು ಹೇಳಿಕೊಂಡು, ನಿಮ್ಮ ಅಣ್ಣನಾದ ಮೇಲೆ ಆ ಗನ್ನಿನ ಹಿಂದೆ ನಿಂತವನು ನಾನು, ಈ ಹೆಸರನ್ನು ಬಳಿದು ಮುಚ್ಚಿದವನೂ ನಾನೇ ಎನ್ನುತ್ತಾರೆ. ಒಂದನ್ನೂ ಮುಚ್ಚಿಡುವುದಿಲ್ಲ. ಆರ್ಡಿಸ್ ಅವರ ಮುಖವನ್ನು ನೋಡಲು ತಲೆ ಪೂರ್ತಿ ಎತ್ತಬೇಕಾಗುತ್ತದೆ.

"ಭಯ ಆಗಿತ್ತಾ ನಿಮಗೆ?"

"ದಿನಾ ಆಗ್ತಿತ್ತು, ಮೇಡಂ."

"ಅವನಿಗೂ ಆಗಿರುತ್ತೆ ಹಾಗಾದ್ರೆ. ಇಲ್ಲ ಅಂತಲೇ ಹೇಳ್ತಿದ್ದ, ಸುಳ್ಳ."

ಹೋಸಿಯಾ ಟ್ರಕ್ಕಿನ ಹಿಂಬಾಗಿಲ ಬಳಿ ಹೋಗುತ್ತಾರೆ. ಈ ಸಲ ಕೈ ಇಡುವುದಿಲ್ಲ. ಟೋಪಿ ತೆಗೆದು, ಈ ಕಡೆ ತಿರುಗಿ, ಆಕೆಯನ್ನು ಕೇಳುತ್ತಾರೆ. "ನಾನು ಹತ್ತಬಹುದಾ?"

ಆರ್ಡಿಸ್‌ಗೆ ಅರ್ಥವಾಗುವುದಿಲ್ಲ. ನನ್ನನ್ನು ಯಾಕೆ ಕೇಳುತ್ತೀರಿ ಎಂದು ಲವರ್ನ್ ಕಡೆ ನೋಡುತ್ತಾರೆ. ಇವತ್ತು ಈ ಟ್ರಕ್ಕಿನ ಮೇಲೆ ನಿಮ್ಮ ಅಣ್ಣನ ತಂಡದ ಹೆಸರಿದೆ, ಆ ತಂಡದ ಕಡೆಯವರಾಗಿ ಇಲ್ಲಿರುವವರು ನೀವೊಬ್ಬರೇ, ನೀವು ಹ್ಞೂಂ ಅನ್ನದೆ ಯಾರೂ ಹತ್ತುವಂತಿಲ್ಲ ಎಂದು ಲವರ್ನ್ ವಿವರಿಸುತ್ತಾರೆ. ಆರ್ಡಿಸ್ ಒಬ್ಬೊಬ್ಬರನ್ನೇ ನೋಡಿ, "ಇಬ್ಬರೂ ಬನ್ನಿ. ನನ್ನನ್ನೂ ಹತ್ತಿಸಿ," ಎನ್ನುತ್ತಾರೆ.

ಏಣಿ ಇಟ್ಟು, ಮೇಲಿನಿಂದ ಹೋಸಿಯಾ ಕೈ ಹಿಡಿದು, ಕೆಳಗಿನಿಂದ ಡೊನೆಟ್ ಬೆನ್ನಿಗೆ ಆಸರೆ ಕೊಟ್ಟು ಆಕೆಯನ್ನು ಪೆಟ್ಟಿಗೆಯೊಳಗೆ ಇಳಿಸುತ್ತಾರೆ. ಹಿಂದೆಯೇ ಲವರ್ನ್ ಹತ್ತುತ್ತಾರೆ. ಒಳಗೆ ಕೊಳವೆಯಿಂದ ಮಾಡಿದ ನಕಲಿ ಗನ್ನುಗಳಿವೆ. ಮುಂದಿನ ಎಡಮೂಲೆ ಕರ್ಟಿಸ್ ನಿಲ್ಲುತ್ತಿದ್ದ ಜಾಗ. ಆರ್ಡಿಸ್ ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಎದುರಿಗೆ ಕಾಣುವುದು ಹಸಿರು ಉಕ್ಕು, ಅದಕ್ಕಿಂತ ಮೇಲೆ ಶೆಡ್ಡಿನ ಸೂರು. ಮತ್ತೇನೂ ಇಲ್ಲ.

"ಇಲ್ಲಿಂದ ಏನೂ ಕಾಣಲ್ಲವಲ್ಲ," ಎನ್ನುತ್ತಾರೆ. ಆ ಮಾತಿನಲ್ಲಿ ನಿರಾಸೆಗಿಂತ ಹೆಚ್ಚಾಗಿ ಗಾಬರಿಯಿದೆ. "ಅವನೂ ನನ್ನಷ್ಟೇ ಇದ್ದ. ಅವನಿಗೆ ಏನು ಕಂಡಿರುತ್ತೆ?"

"ಕಾಲ ಹತ್ರ ನೋಡಿ. ಒಂದು ಮೆಟ್ಟಿಲಿದೆ. ಹತ್ತಿ," ಎನ್ನುತ್ತಾರೆ ಲವರ್ನ್.

ಹಳೆಯ ಪೆಟ್ಟಿಗೆಯ ಫೋಟೋದಲ್ಲಿರುವ ಹಾಗೆಯೇ, ಮೂಲೆಯಲ್ಲಿ ನೆಲದಿಂದ ಗೇಣೆತ್ತರದಲ್ಲಿ ಒಂದು ಉಕ್ಕಿನ ತುಂಡನ್ನು ಅಡ್ಡಲಾಗಿ ಬೆಸೆಯಲಾಗಿದೆ. ಒಂದು ಜೊತೆ ಪಾದ ಹಿಡಿಸುವಷ್ಟು ಅಗಲ. ಆರ್ಡಿಸ್ ಅದರ ಮೇಲೆ ಕಾಲಿಟ್ಟು ಏರುತ್ತಾರೆ. ಉಕ್ಕಿನ ಅಂಚು ಅವರ ಎದೆಯವರೆಗೆ ಇಳಿಯುತ್ತದೆ. ಎದುರಿಗೆ ತೆರೆದ ಬಾಗಿಲು, ಅದರಾಚೆ ಅಂಗಳ, ಅಂಗಳ ದಾಟಿದರೆ ಏರುತ್ತ ಹೋಗುವ ಊರಿನ ರಸ್ತೆ.

ಹೋಸಿಯಾ ಬಗ್ಗಿ ಆ ಉಕ್ಕಿನ ತುಂಡನ್ನು ನೋಡುತ್ತಾರೆ. ಆಮೇಲೆ ಪ್ಯಾಂಟಿನ ಅಂಚನ್ನು ಮೊಣಕಾಲವರೆಗೆ ಎಳೆಯುತ್ತಾರೆ. ಮೂಳೆಯ ಮೇಲೆ ಮಾಸಿದ ಕಲೆಗಳು.

"ಈ ದರಿದ್ರದ್ದನ್ನ ಎಡವಿ ಎಡವಿ ಒಂದು ವರ್ಷ ನನ್ನ ಕಾಲು ಹರಿದುಹೋಯ್ತು. ರಾತ್ರಿ ಹಗಲು ಬೈತಿದ್ದೆ. ಯಾವ ತಲೆಕೆಟ್ಟವನು ಇದನ್ನ ಇಲ್ಲಿ ಬೆಸೆದಿದ್ದಾನೆ ಅಂತ. ನೀನೇನಾ?"

"ನಾನೇ. ಪೆಟ್ಟಿಗೆ ಎತ್ತಿ ಇಡುವಾಗ ಕತ್ತರಿಸಿಬಿಡಬಹುದಿತ್ತು. ಕೈ ಬರಲಿಲ್ಲ."

"ಇದು ಯಾರಿಗೆ ಅಂತ ಒಂದು ಮಾತು ಹೇಳಿದ್ರೆ ಬೈತಿರಲಿಲ್ಲವಲ್ಲೋ."

"ಹೆಸರು ಎತ್ತೋ ಹಾಗಿರಲಿಲ್ಲವಲ್ಲ," ಎನ್ನುತ್ತಾರೆ ಲವರ್ನ್.

ಹೋಸಿಯಾ ಪ್ಯಾಂಟು ಕೆಳಗಿಳಿಸಿ ನೆಟ್ಟಗಾಗುತ್ತಾರೆ. ಮೆಟ್ಟಿಲ ಮೇಲಿನ ಆರ್ಡಿಸ್ ಈಗ ಅವರ ಭುಜದವರೆಗೆ ಬರುತ್ತಾರೆ. ಶನಿವಾರ ಮೈದಾನದಲ್ಲಿ ಪ್ರತಿ ಟ್ರಕ್ಕಿನ ಮುಂದೆ ನಿಂತು ಅದರ ತಂಡದವರ ಹೆಸರು ಕೂಗುವ ವಾಡಿಕೆ ಇದೆ ಎಂದು ಹೋಸಿಯಾ ಆಕೆಗೆ ಹೇಳುತ್ತಾರೆ. ಬದುಕಿರುವವರು ಓಗೊಡುತ್ತಾರೆ, ಸತ್ತವರಿಗಾಗಿ ಉಳಿದವರು ಓಗೊಡುತ್ತಾರೆ. ತಾವು ಇಷ್ಟು ದಿನ ನಾಲ್ಕು ಹೆಸರು ಕೂಗುತ್ತಿದ್ದುದಾಗಿಯೂ, ಈ ಸಲ ಡೇಲ್ ಹೊರ್ವಾತ್, ಕರ್ಟಿಸ್ ಟೊಲೆಫ್ಸನ್ ಎಂದು ಶುರುಮಾಡುವುದಾಗಿಯೂ ಹೇಳುತ್ತಾರೆ. ಟ್ರಕ್ಕಿನ ಹೆಸರನ್ನೂ ಹೇಳುತ್ತೀರಾ ಎಂದು ಆರ್ಡಿಸ್ ಕೇಳಿದಾಗ ಹ್ಞೂಂ ಎನ್ನುತ್ತಾರೆ. "ಅವನ ಹೆಸರಿಗೆ ನೀವು ಓಗೊಡಿ. ಡೇಲ್‌ಗೆ ನಾನು ಓಗೊಡ್ತೀನಿ."

ಹೆಸರಿನ ಮೇಲೆ ನಾಳೆ ಹಸಿರು ಬಳಿಯುವುದು ಬೇಡವೆಂದರೆ ಬಿಡುತ್ತೇವೆ ಎಂದು ಲವರ್ನ್ ಹೇಳಿದಾಗ ಆಕೆಯೇ ತಡೆಯುತ್ತಾರೆ. ಇವರೂ ಇದರಲ್ಲಿ ನಿಂತು ಹೋಗಿ ಬಂದವರು, ಇವರ ಹೆಸರೂ ಬೇಕು, ನಾನು ಓದಿಯಾಯಿತು ಎನ್ನುತ್ತಾರೆ. ಮೆಟ್ಟಿಲಿಂದ ಮಾತ್ರ ಬೇಗ ಇಳಿಯುವುದಿಲ್ಲ. ಡೊನೆಟ್ ಪೈಯನ್ನು ತಟ್ಟೆಗಳಲ್ಲಿ ಹಾಕಿ ಮೇಲಕ್ಕೇ ಕೊಡುತ್ತಾರೆ. ಈ ಸಲ ಹೋಸಿಯಾ ತಿನ್ನುತ್ತಾರೆ.

ಮಧ್ಯಾಹ್ನ ಆರ್ಡಿಸ್, ಹೋಸಿಯಾ ಇಬ್ಬರೂ ಊಟಕ್ಕೆಂದು ಪೇಟೆಗೆ ಹೋದ ಮೇಲೆ ಲವರ್ನ್ ಪೆಟ್ಟಿಗೆಯೊಳಗೆ ಮಂಡಿಯೂರಿ ಕೂತು ಆ ಮೂಲೆಯ ಬೆಸುಗೆಯನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಕರ್ಟಿಸ್ ಒಂದು ಸಂಜೆ ಒಬ್ಬನೇ ದುರಸ್ತಿ ಅಂಗಳಕ್ಕೆ ಬಂದಿದ್ದನಂತೆ. ತಂಡದವರಿಗೆ ಗೊತ್ತಾದರೆ ನಗುತ್ತಾರೆಂದು ಪಿಸುಮಾತಿನಲ್ಲಿ ಕೇಳಿದನಂತೆ. ಹತ್ತು ನಿಮಿಷದ ಕೆಲಸವಾಗಿತ್ತು. ಶನಿವಾರದ ನಂತರ ಟ್ರಕ್ಕು ಊರೂರಿನ ಮೆರವಣಿಗೆಗಳಿಗೆ ಹೋಗಲಿದೆ, ಮುಂದೊಂದು ದಿನ ಬೇರೆಯವರ ಕೈಗೂ ಹೋಗಬಹುದು. ಲವರ್ನ್ ಅವರಿಗೆ ತಮ್ಮ ಹೆಸರು ಎಲ್ಲಿಯೂ ಬರೆಯುವುದು ಬೇಡ. ಟ್ರೆಂಟ್ ಕೇಳಿ ನೋಡಿದ್ದಾನೆ, ಆಗದು ಎಂದಿದ್ದಾರೆ. ಬೇಕಾದ್ದು ಒಂದೇ.

"ಎತ್ತರದವರು ಯಾರಾದ್ರೂ ಬರ್ತಾರೆ, ಕಾಲಿಗೆ ತಗಲುತ್ತೆ ಅಂತ ಬೈತಾರೆ. ಬೈಕೊಳ್ಳಲಿ. ಇದನ್ನ ಮಾತ್ರ ಕತ್ತರಿಸಬಾರದು. ಯಾಕಿದೆ ಅಂತ ಕೇಳಿದ್ರೆ, ಗಿಡ್ಡ ಹುಡುಗನೊಬ್ಬನಿಗೆ ರಸ್ತೆ ಕಾಣಬೇಕಿತ್ತು ಅಂತ ಹೇಳಿ. ಅಷ್ಟು ಸಾಕು."